ಹಿಮ್ಮಡಿ ಮೇಲಿನ ನರ ನೋವು, ಏನ್ ಮಾಡಿದ್ರೂ ಹೋಗ್ತಿಲ್ಲ, ಹೆಲ್ಪ್ ಮಾಡ್ರಪ್ಪ

ಕೋಟೆಮೆಟ್ಲು (ಚಿತ್ರದುರ್ಗ)
ಸಾಕಾಗಿ ಹೋಗೈತೆ ಗುರು. ಹಿಮ್ಮಡಿ ಹಿಂದೆ ನರ ಹಿಡ್ಕೊಂಡೈತೆ, ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ರೆ ಜೀವ ಹೋಗುತ್ತೆ, ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೋಬೇಕು, ಸ್ವಲ್ಪ ಓಡಾಡಿದ್ಮೇಲೆ ಬಿಡುತ್ತೆ, ಬಿಡ್ತಲ್ಲ ಅಂತ ಜೋಗಿಮಟ್ಟಿ ರೋಡಲ್ಲಿ ಓಡಿ ಬಂದ್ರೆ ರಾತ್ರಿಗೆ ಮತ್ತೆ ಅದೇ ಕಥೆ. ಸ್ಪ್ರೇ, ಐಸ್, ರೆಸ್ಟು ಎಲ್ಲಾ ಆಯ್ತು. ಯೂಟ್ಯೂಬ್ ನೋಡಿ ಎಕ್ಸರ್‌ಸೈಜೂ ಮಾಡ್ತಿದೀನಿ. ಮುಂದಿನ ತಿಂಗಳು ಹಾಫ್ ಮ್ಯಾರಥಾನ್ ಐತೆ, ಫೀಸ್ ಕಟ್ಟಾಗೈತೆ.

ಕುಂದವಾಡ21ಕೆ (ದಾವಣಗೆರೆ)
ಶೂ ಯಾವ್ದು?

ಕೋಟೆಮೆಟ್ಲು
ಚಪ್ಪಟೆ ಸೋಲಿಂದು, ಹೊಸದು. ಆದ್ರೆ ನೋವು ಅದಕ್ಕೆ ಮುಂಚೆನೇ ಇತ್ತು.

ಕುಂದವಾಡ21ಕೆ
ಅಷ್ಟೇ ಕಣಪ್ಪ, ಸಿಕ್ತು. ಝೀರೋ ಡ್ರಾಪ್ (ಹಿಮ್ಮಡಿ, ಬೆರಳು ಎರಡೂ ಕಡೆ ಸೋಲ್ ಒಂದೇ ಎತ್ತರ) ಹಾಕ್ಕೊಂಡು ಏರು ಹತ್ತಿದ್ರೆ ಆ ನರ ಎಳೆದೇ ಎಳೆಯುತ್ತೆ. 10 ಎಂಎಂ ಡ್ರಾಪ್ ಇರೋದು ತಗೋ. ನಾನು ಕೆರೆ ಸುತ್ತೋಕೆ ಒಂದು ಜೊತೆ, ರೋಡಿಗೆ ಒಂದು, ರೇಸಿಗೆ ಕಾರ್ಬನ್ ಪ್ಲೇಟಿಂದು ಬೇರೆ ಇಟ್ಟಿದೀನಿ, ಗಾರ್ಮಿನ್ ವಾಚಲ್ಲಿ ಯಾವ ಶೂ ಎಷ್ಟು ಕಿಮೀ ಓಡೈತೆ ಅಂತ್ಲೂ ಬರುತ್ತೆ.

ಗರಡಿಹುಡ್ಗ
ಶೂಗೆ ಮುಂಚೆನೇ ನೋವಿತ್ತು ಅಂದಾನಲ್ಲೋ ಮಾರಾಯ, ಓದು ಮೊದ್ಲು. ಎಣ್ಣೆ ಬೆಚ್ಚಗೆ ಮಾಡಿ ಗಟ್ಟಿಯಾಗಿ ನೀವಿಸ್ಕೋ ತಮ್ಮ, ನಮ್ಮ ಗರಡಿಮನೇಲಿ ಎಲ್ಲಾದಕ್ಕೂ ಅದೇ. ಹೋಗ್ಲಿಲ್ಲ ಅಂದ್ರೆ ಪುತ್ತೂರು ಕಟ್ಟು ಹಾಕ್ಸು.

ಕುಂದವಾಡ21ಕೆ
ಪುತ್ತೂರು ಕಟ್ಟು ಮೂಳೆ ಮುರಿದ್ರೆ ಹಾಕ್ಸೋದು ಅಣ್ಣ. ಇವ್ನಿಗೆ ಮೂಳೆ ಮುರಿದೈತಾ?

ಗರಡಿಹುಡ್ಗ
ನಿನ್ನ ವಾಚಲ್ಲಿ ನೋಡಿ ಹೇಳು.

ಫಿಸಿಯೋ_ಎಂಸಿಸಿ
ಜಗಳ ಆಮೇಲೆ ಆಡ್ಕೊಳ್ರಪ್ಪ. ಕೋಟೆಮೆಟ್ಲು ಅವ್ರೇ, ನೀವು ನರ ಅಂತಿರೋದು ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡನ ಹಿಮ್ಮಡಿ ಮೂಳೆಗೆ ಕಟ್ಟೋ ಹುರಿ. ನೋವು ಅದು ಮೂಳೆಗೆ ಅಂಟ್ಕೊಳ್ಳೋ ಜಾಗದಲ್ಲೇನಾ ಇಲ್ಲ ಎರಡು ಮೂರು ಬೆರಳು ಮೇಲಾ? ಒಂದು ಕಾಲಾ ಎರಡೂನಾ? ಯಾವತ್ತಾದ್ರೂ ಹಿಂದಿನಿಂದ ಯಾರೋ ಒದ್ದಂಗೆ ಪಟ್ ಅಂದಿತ್ತಾ? ಮನೇಲಿ ಬೋರಲು ಮಲಗಿ, ಪಾದ ಮಂಚದಿಂದ ಹೊರಗಿರ್ಲಿ, ಯಾರಾದ್ರೂ ಮೀನಖಂಡ ಹಿಂಡಿದ್ರೆ ಪಾದ ಕೆಳಗೆ ಬಾಗ್ಬೇಕು. ಬಾಗ್ಲಿಲ್ಲ ಅಂದ್ರೆ ನರ ಹರಿದಿರ್ಬೋದು, ಅವತ್ತೇ ಆರ್ಥೋ (ಮೂಳೆ ಡಾಕ್ಟರ್) ಹತ್ರ ಹೋಗಿ. ಯಾವ ಎಕ್ಸರ್‌ಸೈಜ್ ಮಾಡ್ತಿದೀರಿ ಅದನ್ನೂ ಹೇಳಿ. ಇತ್ತೀಚೆಗೆ ಆಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ?

ಕೋಟೆಮೆಟ್ಲು
ಎರಡೂ ಕಾಲು ಸರ್, ಎಡಗಡೆ ಜಾಸ್ತಿ. ಎರಡು ಬೆರಳು ಮೇಲೆ, ಮುಟ್ಟಿದ್ರೆ ದಪ್ಪ ಸಿಗುತ್ತೆ. ಪಟ್ ಅಂದಿಲ್ಲ. ನಮ್ಮಕ್ಕ ಹಿಂಡಿ ನೋಡಿದ್ಲು, ಪಾದ ಬಾಗುತ್ತೆ. ಮೆಟ್ಲು ಅಂಚಲ್ಲಿ ನಿಂತು ಹಿಮ್ಮಡಿ ಇಳಿಸೋದು ಮಾಡ್ತಿದೀನಿ. ಜಾತ್ರೆ ಊಟ ಮಾಡಿ ಭೇದಿ ಹಿಡಿದಿತ್ತು, ಮೆಡಿಕಲ್‌ ಶಾಪಲ್ಲಿ ಓಫ್ಲಾಕ್ಸಸಿನ್ ಆರ್ನಿಡಜೋಲ್ ಕೊಟ್ಟಿದ್ರು, ಅದಾಗಿ ಸ್ವಲ್ಪ ದಿನಕ್ಕೇ ಇದು ಶುರುವಾಯ್ತು. ಹೊಟ್ಟೆಗೂ ಹಿಮ್ಮಡಿಗೂ ಏನ್ ಸಂಬಂಧ ಸರ್?

ಫಿಸಿಯೋ_ಎಂಸಿಸಿ
ಹೊಟ್ಟೆಗಲ್ಲ, ಮಾತ್ರೆಗೆ. ಓಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್, ಲೀವೋಫ್ಲಾಕ್ಸಸಿನ್ ಎಲ್ಲಾ ಒಂದೇ ಜಾತಿ ಆಂಟಿಬಯೋಟಿಕ್, ಅಪರೂಪಕ್ಕೆ ಇದೇ ನರಕ್ಕೆ ಏಟು ಕೊಡ್ತವೆ, ಎರಡೂ ಕಾಲಿಗೆ ಒಟ್ಟಿಗೆ ಬರೋದೂ ಉಂಟು, ಮಾತ್ರೆ ಮುಗಿದು ತಿಂಗಳುಗಟ್ಟಲೆ ಆದ್ಮೇಲೂ ಹರಿಯೋ ರಿಸ್ಕ್ ಇರುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದಕ್ಕೆ ದೊಡ್ಡ ಎಚ್ಚರಿಕೆ ಹಾಕ್ಸೈತೆ. ಇದೇ ಕಾರಣ ಅಂತ ಇಲ್ಲಿಂದ ಹೇಳೋಕಾಗಲ್ಲ, ಏರು ಓಡಿದ್ದೂ ಇರ್ಬೋದು, ಆದ್ರೆ ಓಟ ಇವತ್ತೇ ನಿಲ್ಸಿ. ಆರ್ಥೋಗೆ ಮಾತ್ರೆ ಹೆಸರು ಹೇಳಿ, ಬೇಕು ಅಂದ್ರೆ ಅಲ್ಟ್ರಾಸೌಂಡ್ ಮಾಡಿಸ್ತಾರೆ. ಊತಕ್ಕೆ ಅಂತ ಆ ನರಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಯಾರು ಹಾಕ್ತೀನಂದ್ರೂ ಬೇಡ ಅನ್ನಿ. ನೀವು ಮಾಡ್ತಿರೋದು ಸ್ವೀಡನ್‌ನ ಡಾಕ್ಟರ್ ಆಲ್ಫ್ರೆಡ್ಸನ್ 1998ರಲ್ಲಿ ಬರೆದಿದ್ದು, ದಿನಕ್ಕೆ ಎರಡು ಸಲ, 15ರಂತೆ 3 ಸುತ್ತು, 12 ವಾರ, ಮಂಡಿ ನೆಟ್ಟಗಿಟ್ಟು ಒಮ್ಮೆ ಬಗ್ಗಿಸಿ ಒಮ್ಮೆ. ಒಳ್ಳೇದೇ, ಆದ್ರೆ ಈಗ ಅಲ್ಲ, ಡಾಕ್ಟರ್ ನೋಡಿದ್ಮೇಲೆ. ಗಟ್ಟಿಯಾಗಿ ನೀವಿಸೋದು ಖಂಡಿತ ಬೇಡ.

ಕೋಟೆಮೆಟ್ಲು
ಹಾಫ್ ಹೋಯ್ತು ಹಂಗಾದ್ರೆ?

ಫಿಸಿಯೋ_ಎಂಸಿಸಿ
ಹೋಯ್ತು.

ಕುಂದವಾಡ21ಕೆ
ಏನೇ ಆಗ್ಲಿ ಶೂ ಒಂದ್ಸಲ ಬದಲಾಯಿಸಿ ನೋಡು.

ಗರಡಿಹುಡ್ಗ
ಸರ್, ನಂಗೆ ಭುಜ ಎತ್ತಿದ್ರೆ ಕಳಕ್ ಅನ್ನುತ್ತೆ, ಗದೆ ತಿರುಗಿಸೋಕೇ ಆಗ್ತಿಲ್ಲ. ನಾನೂ ಹೋದ ವರ್ಷ ಅದೇ ಮಾತ್ರೆ ನುಂಗಿದ್ದೆ.

ಫಿಸಿಯೋ_ಎಂಸಿಸಿ
ನೀವು ಬೇರೆ ಥ್ರೆಡ್ ಹಾಕಿ ಅಣ್ಣ. ಗದೆ ಎಷ್ಟು ಕೆಜಿ ಅಂತ ಬರೀರಿ, ಎಣ್ಣೆ ಯಾವ್ದು ಅಂತ ಬೇಡ.