ಫ್ಲೂಯಿಡೈಸ್ಡ್ ಬೆಡ್ ಬಾಯ್ಲರ್: ಗಂಧಕ ಕುಲುಮೆಯಲ್ಲೇ ಉಳಿಯುವುದು ಹೇಗೆ?

ಪ್ರಶ್ನೆ:
ತಮಿಳುನಾಡಿನ ನೈವೇಲಿಯ ಎರಡನೇ ಉಷ್ಣ ವಿದ್ಯುತ್ ಸ್ಥಾವರದ ವಿಸ್ತರಣೆಯಲ್ಲಿ ತಲಾ 250 ಮೆಗಾವಾಟ್‌ನ ಎರಡು ಘಟಕಗಳು ಲಿಗ್ನೈಟನ್ನು (ಕಂದು ಕಲ್ಲಿದ್ದಲನ್ನು) ಫ್ಲೂಯಿಡೈಸ್ಡ್ ಬೆಡ್ ವಿಧಾನದಲ್ಲಿ ಉರಿಸುತ್ತವೆ. ಈ ವಿಧಾನದಲ್ಲಿ ಹೊಗೆ ತೊಳೆಯುವ ಪ್ರತ್ಯೇಕ ವ್ಯವಸ್ಥೆಯಿಲ್ಲದೆಯೂ, ಇಂಧನದ ಗಂಧಕ ಉರಿದು ಹುಟ್ಟುವ ಸಲ್ಫರ್ ಡೈಆಕ್ಸೈಡ್ ತಗ್ಗುತ್ತದೆ ಎನ್ನುತ್ತಾರೆ. ಕುಲುಮೆಯೊಳಗೆ ನಡೆಯುವುದೇನು? ಇಷ್ಟು ಅನುಕೂಲವಿದ್ದರೆ ರಾಯಚೂರಿನಲ್ಲಿ ಕಲ್ಲಿದ್ದಲನ್ನು ನುಣ್ಣಗೆ ಪುಡಿಮಾಡಿಯೇ ಉರಿಸುವುದೇಕೆ?

ಉತ್ತರ 1:
ಮರಳು, ಬೂದಿ ಮತ್ತು ಸುಣ್ಣದಕಲ್ಲಿನ ಪುಡಿಯಿಂದಾದ ಹಾಸಿಗೆಗೆ ಕೆಳಗಿನಿಂದ ರಭಸವಾಗಿ ಗಾಳಿ ಊದಿದಾಗ, ಅದು ಕುದಿಯುವ ಗಂಜಿಯಂತೆ ಮಗುಚತೊಡಗುತ್ತದೆ. ಕಲ್ಲಿದ್ದಲಿನ ಚೂರುಗಳು ಅದರೊಳಗೇ ಉರಿಯುತ್ತವೆ. ಬಿಸಿಗೆ ಸುಣ್ಣದಕಲ್ಲು ಸುಟ್ಟ ಸುಣ್ಣವಾಗಿ, ಸಲ್ಫರ್ ಡೈಆಕ್ಸೈಡ್ ಮತ್ತು ಆಮ್ಲಜನಕಗಳೊಡನೆ ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ, ಬೂದಿಯೊಡನೆ ಹೊರಬೀಳುತ್ತದೆ. ಇದಕ್ಕೆ ಸುಮಾರು 850 ಡಿಗ್ರಿ ಸೆಲ್ಸಿಯಸ್ ಹದವಾದ ಉಷ್ಣತೆ. ಗಾಳಿಯಲ್ಲಿರುವ ಸಾರಜನಕವೇ ನೈಟ್ರೋಜನ್ ಆಕ್ಸೈಡ್ ಆಗಲು ಇದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕಾದ್ದರಿಂದ, ಇಂಧನದಲ್ಲೇ ಇರುವ ಸಾರಜನಕದಿಂದ ಹುಟ್ಟುವುದಷ್ಟೇ ಮುಖ್ಯವಾಗಿ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಲಾಭವೇ ದೊಡ್ಡದು, ಏಕೆಂದರೆ ಅದಕ್ಕೆ ಯಾವ ಕಚ್ಚಾವಸ್ತುವೂ ಬೇಡ.

ಉತ್ತರ 2:
ರಾಯಚೂರಿನ ಮೊದಲ ಘಟಕ 1985ರದು. ಆಗ ಈ ವಿಧಾನದ ದೊಡ್ಡ ಬಾಯ್ಲರ್‌ಗಳೇ ಇರಲಿಲ್ಲ. ಪೋಲೆಂಡಿನ ವಾಗಿಶಾದಲ್ಲಿ 460 ಮೆಗಾವಾಟ್‌ನ ಘಟಕ ಬಂದದ್ದು 2009ರಲ್ಲಿ. ಈಗ ಬದಲಾಯಿಸುವುದೆಂದರೆ ಬಾಯ್ಲರನ್ನೇ ಹೊಸದಾಗಿ ಕಟ್ಟಬೇಕು. ಅಲ್ಲದೆ ನಮ್ಮ ದೇಶದ ಸಾಮಾನ್ಯ ಕಲ್ಲಿದ್ದಲಿನಲ್ಲಿ ಗಂಧಕ ಶೇಕಡಾ ಅರ್ಧದಷ್ಟಿದ್ದರೆ, ಬೂದಿ ಶೇಕಡಾ 30ರಿಂದ 45ರವರೆಗೂ ಇರುತ್ತದೆ. ದೂಳಿನ ಮಟ್ಟಿಗೆ ಈ ಹಾಸಿಗೆ ಏನನ್ನೂ ಮಾಡದು. ಹೊಗೆಯಲ್ಲಿನ ದೂಳನ್ನು ಹಿಡಿಯುವ ಸ್ಥಿರವಿದ್ಯುತ್ ಯಂತ್ರವೋ ಚೀಲದ ಫಿಲ್ಟರೋ ಎರಡೂ ಕಡೆ ಬೇಕೇ ಬೇಕು. ತೇವದ ಲಿಗ್ನೈಟ್, ಗಂಧಕ ಹೆಚ್ಚಿರುವ ಪೆಟ್‌ಕೋಕ್ (ಕಚ್ಚಾತೈಲ ಸಂಸ್ಕರಣೆಯಲ್ಲಿ ಉಳಿಯುವ ಇಂಗಾಲದ ಘನ ಇಂಧನ), ತೊಳೆದುಳಿದ ಕಳಪೆ ಕಲ್ಲಿದ್ದಲು ಇಂಥವುಗಳಿಗೆ ಮಾತ್ರ ಇದು ನಿಜಕ್ಕೂ ಸರಿಸಾಟಿಯಿಲ್ಲದ ವಿಧಾನ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಈ ಬೂದಿಯನ್ನು ಹಾರುಬೂದಿಯಂತೆಯೇ ಸಿಮೆಂಟಿಗೆ ಬಳಸಬಹುದೇ?

ಉತ್ತರ 3:
ನೇರವಾಗಿ ಬಳಸುವುದು ಕಷ್ಟ. ಗಂಧಕವನ್ನು ಚೆನ್ನಾಗಿ ಹಿಡಿಯಲು ರಾಸಾಯನಿಕ ಲೆಕ್ಕದಂತೆ ಬೇಕಾಗುವುದರ ಸುಮಾರು ಎರಡು ಪಟ್ಟು ಸುಣ್ಣದಕಲ್ಲನ್ನು ಹಾಕುವುದರಿಂದ, ಬೂದಿಯ ಪ್ರಮಾಣವೂ ಹೆಚ್ಚುತ್ತದೆ, ಅದರಲ್ಲಿ ಸಲ್ಫೇಟಿನ ಜೊತೆ ಬಳಕೆಯಾಗದ ಸುಣ್ಣವೂ ಉಳಿಯುತ್ತದೆ. ನೀರು ತಾಗಿದಾಗ ಅದು ಉಬ್ಬಿ ಕಾಂಕ್ರೀಟ್ ಬಿರುಕು ಬಿಡಬಹುದು. ಸುಣ್ಣದಕಲ್ಲು ಸುಡುವಾಗ ಹೊರಡುವ ಇಂಗಾಲದ ಡೈಆಕ್ಸೈಡನ್ನೂ, ಕಡಿಮೆ ಉಷ್ಣತೆಯಲ್ಲಿ ಹೆಚ್ಚಾಗಿ ಹುಟ್ಟುವ ನೈಟ್ರಸ್ ಆಕ್ಸೈಡನ್ನೂ ಈ ಲೆಕ್ಕಕ್ಕೆ ಸೇರಿಸಬೇಕು; ಎರಡನೆಯದಂತೂ ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲವಾದ ಹಸಿರುಮನೆ ಅನಿಲ.