ಬಲೆ ತೆಗೆದ ಮೇಲೆ ಆವಿಯ ಅಂಕಿ ಏರಿದೆ, ಯಾಕೆ?

ಬದಿಯಡ್ಕದ ಅಡಿಕೆ ತೋಟ: ಬೇಸಗೆಯಲ್ಲಿ ತೋಟಕ್ಕೆ ಎಷ್ಟು ನೀರು ಬಿಡಬೇಕು ಅಂತ ತಿಳಿಯಲು, ಆವಿ ಅಳೆಯುವ ಬಾಣಲೆ ಇಟ್ಟು ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ 8.30ಕ್ಕೆ ಬರೆದಿಡುತ್ತಿದ್ದೇನೆ. ಮಾರ್ಚಲ್ಲಿ ಮೇಲಿನ ತಂತಿ ಬಲೆ ತುಕ್ಕು ಹಿಡಿಯಿತು, ತೆಗೆದುಬಿಟ್ಟೆ. ಈಗ ಅಂಕಿ ಜಾಸ್ತಿ. ಸೆಕೆ ಹೆಚ್ಚಾದದ್ದಾ, ಬಲೆ ಇಲ್ಲದ್ದಕ್ಕಾ?

ಮಂಜೇಶ್ವರದವ: ಮೊದಲು ಬಲೆ ಹಾಕಿ ಮಾರಾಯ್ರೆ. ಬಲೆ ಸ್ವಲ್ಪ ಬಿಸಿಲು, ಗಾಳಿ ಎರಡನ್ನೂ ತಡೆಯುತ್ತದೆ, ಹಾಗಾಗಿ ಅದಿದ್ದರೆ ಆವಿ ಕಡಿಮೆ. ಇಲ್ಲದಿದ್ದರೆ ಕಾಗೆ ಕುಡಿದ ನೀರೂ ಆವಿ ಅಂತಲೇ ಲೆಕ್ಕಕ್ಕೆ ಬರುತ್ತದೆ ಅಲ್ವಾ? ಅಮೆರಿಕದ ಮೂಲ ಎ ದರ್ಜೆ ಬಾಣಲೆ ತೆರೆದದ್ದು, ಸುಮಾರು 1.2 ಮೀಟರ್ ಅಗಲ, 25 ಸೆಂ.ಮೀ. ಆಳ. ನಮ್ಮ ಹವಾಮಾನ ಇಲಾಖೆಯದ್ದಕ್ಕೆ ಬಲೆ ಇರುತ್ತದೆ. ಎರಡರ ಅಂಕಿಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಕುಂಬಳೆ ಮಳೆ ಲೆಕ್ಕ: ಹಳೆಯ ಅಂಕಿ ತಿದ್ದಬೇಡಿ, ದಯವಿಟ್ಟು. ಬಲೆ ತೆಗೆದ ದಿನ, ಮತ್ತೆ ಹಾಕಿದ ದಿನ ಪುಸ್ತಕದಲ್ಲೇ ಬರೆಯಿರಿ. ಸಾಧ್ಯ ಆದರೆ ಇನ್ನೊಂದು ಬಾಣಲೆ ತಂದು, ಒಂದಕ್ಕೆ ಬಲೆ ಹಾಕಿ ಒಂದನ್ನು ತೆರೆದಿಟ್ಟು, ಒಂದು ವರ್ಷ ಜೊತೆಜೊತೆಗೆ ಅಳೆಯಿರಿ, ಆಗ ವ್ಯತ್ಯಾಸ ಕೈಗೆ ಸಿಗುತ್ತದೆ. ಪಾಚಿಯನ್ನೂ ಉಜ್ಜಿ ತೆಗೆಯಿರಿ. ಆಟಿ ತಿಂಗಳ (ಜುಲೈ-ಆಗಸ್ಟ್‌ನ ಜೋರು ಮಳೆಗಾಲ) ಅಂಕಿಯನ್ನು ಮಾತ್ರ ಜಾಸ್ತಿ ನಂಬಬೇಡಿ: 100 ಮಿ.ಮೀ. ಮಳೆ ಬಿದ್ದ ದಿನ, ಹನಿ ಸಿಡಿದು ಹೊರಗೆ ಹೋದದ್ದೇ ಆವಿಗಿಂತ ಹೆಚ್ಚಿರಬಹುದು.

ಬದಿಯಡ್ಕದ ಅಡಿಕೆ ತೋಟ: ದಿನಾಂಕ ಈಗಲೇ ಬರೆದೆ. ಬಾಣಲೆಯ ಹತ್ತಿರದ ಬಾಳೆಗಿಡಗಳೂ ನಾಲ್ಕು ವರ್ಷದಲ್ಲಿ ಎತ್ತರ ಆಗಿವೆ, ಅದನ್ನೂ ಸೇರಿಸುತ್ತೇನೆ.