ಅಪ್‌ಡೇಟ್: ನಮ್ಮ ಬಾಗಿಲ ಓಣಿ ಈಗ ಹೀಗಿದೆ

ಹೋದ ತಿಂಗಳು ಕೇಳಿದ್ದೆ: ಕಲಬುರಗಿಯ ನಮ್ಮ ಹಳೇ ಮನೆಯ ಬಾಗಿಲು ದಾಟಿ ಒಳಗೆ ಬಂದರೆ ನಾಲ್ಕಡಿ ಅಗಲದ ಕತ್ತಲೆ ಓಣಿ, ತುಂಬಾ ಚಪ್ಪಲಿ. ತಂಗಿಯ ನಿಶ್ಚಯಕ್ಕೆ ಬೀಗರು ಬರುತ್ತಾರೆ, ಏನು ಮಾಡಲಿ ಅಂತ. ಜಾಸ್ತಿ ಜನ ಟೈಲ್ಸ್ ಹಾಕಿಸಿ ಎಂದಿರಿ. ಹಾಕಿಸಲಿಲ್ಲ. ನೆಲ ಶಹಾಬಾದ್ ಕಲ್ಲಿನದು, ಅಜ್ಜ ಹಾಸಿಸಿದ್ದು. ಕೀಳಲು ಮನಸ್ಸಾಗಲಿಲ್ಲ.

ಆಸಿಡ್‌ನಲ್ಲಿ ತೊಳೆದರೆ ಹೊಳೆಯುತ್ತದೆ ಎಂದು ಒಬ್ಬರು ಹೇಳಿದ್ದರು. ಮೂಲೆಯಲ್ಲಿ ನಾಲ್ಕು ಹನಿ ಬಿಟ್ಟು ನೋಡಿದೆ. ಬುಸ್ ಅಂತ ನೊರೆ ಬಂತು, ಬಿಳಿ ಕಲೆ ಉಳಿಯಿತು. ಇದು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ದಯವಿಟ್ಟು ಯಾರೂ ಹಾಕಬೇಡಿ. ಸೋಪಿನ ನೀರು, ತೆಂಗಿನ ನಾರು, ಎರಡು ದಿನ ತಿಕ್ಕಿದ್ದು, ಅಷ್ಟೇ ಸಾಕಾಯಿತು. ಒಣಗಿದ ಮೇಲೆ ಆ ಬೂದು ಕಲ್ಲಿನ ಮೇಲೆ ಅಮ್ಮ ರಂಗೋಲಿ ಎಳೆದರು. ಒಂದೊಂದು ಗೆರೆಯೂ ಎದ್ದು ಕಂಡಿತು.

ಚಪ್ಪಲಿ ಸ್ಟ್ಯಾಂಡ್ ಹೊರಗೆ ಹೋಯಿತು. ಮನಿ ಪ್ಲಾಂಟ್ ಒಳಗೆ ಬಂತು, ಹೊಸ್ತಿಲಾಚೆ ನಮ್ಮ ಬಿಸಿಲಿಗೆ ಎಲೆ ಸುಟ್ಟಿದ್ದವು.

ನನಗೆ ತುಂಬಾ ಇಷ್ಟವಾದದ್ದು ಗೋಡೆಯ ಗೂಡು. ಸುಮ್ನೆ ಕೀಲಿಕೈ, ಬಿಲ್ಲು ತುಂಬಿಕೊಂಡಿತ್ತು. ಈಗ ಅಲ್ಲಿ ಅಜ್ಜಿಯ ಬಿದರಿ ಹೂದಾನಿ ಇದೆ. ಸತು, ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರಲ್ವಾ, ಅದೇ. ಮೇಲೊಂದು ಪುಟ್ಟ ಹಳದಿ ಎಲ್‌ಇಡಿ ಹಾಕಿದೆವು. ಕಪ್ಪಿನೊಳಗಿಂದ ಬೆಳ್ಳಿ ಬಳ್ಳಿ ಮಿನುಗಿತು.

ನಿಶ್ಚಯದ ದಿನ ಬೀಗರ ಕಡೆಯ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. "ಶಹಾಬಾದ್ ಕಲ್ಲು ಅಲ್ರೀ? ಎಷ್ಟ್ ತಂಪದ!" ಎನ್ನುತ್ತಾ ಅಲ್ಲೇ ನಿಂತುಬಿಟ್ಟರು. ಕಲ್ಲು ಉಳಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್.